ಸಂಕ ದಾಟುವುದಾದರೆ 63ಕ್ಕೆ ಹೋಗಿ

ಮೂರು ವರ್ಷದ ಹಿಂದಿನ ಮಾತು. ಜುಲೈ ತಿಂಗಳು. ಒಂಬತ್ತನೇ ತರಗತಿಗೆ ಶಬ್ದದ ಪಾಠ ನಡೆಯುತ್ತಿತ್ತು. ನಮ್ಮ ಶಾಲೆಯ ಆ ಕೊಠಡಿಗೆ ತಗಡಿನ ಮಾಡು, ಅದರ ಮೇಲೆ ಆಷಾಢದ ಮಳೆ. ಶಬ್ದದ ಪಾಠವು ಶಬ್ದದ ಕಾರಣದಿಂದಲೇ ಎರಡನೇ ಬೆಂಚಿನಿಂದಾಚೆ ಯಾರಿಗೂ ಕೇಳುತ್ತಿರಲಿಲ್ಲ. ಮೂಡಿಗೆರೆ, ಕಳಸದ ಕಡೆ ಪಾಠ ಮಾಡಿದ ಮೇಷ್ಟರುಗಳಿಗೆಲ್ಲ ಇದು ಗೊತ್ತಿರುವ ಕಷ್ಟ. ಅಂಥ ಹೊತ್ತಿನಲ್ಲಿ ನಾನು ಬೋರ್ಡಿನ ತುಂಬ ಬರೆದುಬಿಟ್ಟು ಬೆಂಚುಗಳ ನಡುವೆ ಓಡಾಡುತ್ತೇನೆ. ಹಾಗೆ ಓಡಾಡುವಾಗ ಕೊನೆಯ ಬೆಂಚಿನ ಹುಡುಗನೊಬ್ಬನ ತೊಡೆಯ ಮೇಲೆ ಎರಡು ಲೂಡೋ ದಾಳಗಳು ಕಂಡವು. ಪಕ್ಕದಲ್ಲಿ ನೂರು ಪುಟದ ಒಂದು ನೋಟ್‌ಬುಕ್ಕು.

ದಾಳ ಎಂದ ಕೂಡಲೇ ನಮಗೆ ನೆನಪಾಗುವುದು ಜೂಜು. ಧರ್ಮರಾಯನ ಕಾಲದಿಂದಲೂ ಅದಕ್ಕೆ ಒಳ್ಳೆಯ ಹೆಸರಿಲ್ಲ. ಎರಡನ್ನೂ ಕಿತ್ತುಕೊಂಡು, "ಯಾರ ಜೊತೆ ಆಡ್ತಿದ್ದೀಯೋ?" ಎಂದು ಗದರಿಸಿದೆ.

"ಯಾರ ಜೊತೆನೂ ಇಲ್ಲ ಸಾರ್. ಒಬ್ನೇ."

ತರಗತಿ ಗೊಳ್ಳೆಂದು ನಕ್ಕಿತು. ಜೂನ್‌ನಿಂದ ಆ ಹುಡುಗ ಶಾಲೆಗೆ ಬಂದ ದಿನಗಳಿಗಿಂತ ಬಾರದ ದಿನಗಳೇ ಹೆಚ್ಚಾಗಿದ್ದವು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಶಾಯಿ ಸಾಲುಗಟ್ಟಿತ್ತು. "ಬರೋದೇ ಅಪರೂಪ, ಬಂದ್ರೆ ಈ ಘನಕಾರ್ಯ" ಎಂದು ನಾಲ್ಕು ಮಾತು ಹೆಚ್ಚಾಗಿಯೇ ಅಂದೆ. ನೋಟ್‌ಬುಕ್ಕು, ದಾಳ ನನ್ನ ಚೀಲ ಸೇರಿದವು. (ಹುಡುಗನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದಿದ್ದಾನೆ.)

ಆ ಸಂಜೆ ಎಂದಿನಂತೆ ಕರೆಂಟು ಹೋಯಿತು. ಮಾಡಲು ಬೇರೆ ಕೆಲಸವಿಲ್ಲದೆ ಮೇಣದಬತ್ತಿಯ ಬೆಳಕಿನಲ್ಲಿ ಆ ನೋಟ್‌ಬುಕ್ಕು ತೆರೆದೆ. ಮೊದಲ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: "ಇದನ್ನು ಸಾಲಾಗಿ ಓದಬೇಡಿ. ಎರಡು ದಾಳ, ಒಂದು ಪೆನ್ಸಿಲ್, ಒಂದು ರಬ್ಬರ್ ಇಟ್ಟುಕೊಳ್ಳಿ. 1ರಿಂದ ಶುರು ಮಾಡಿ. ಆಮೇಲೆ ಎಲ್ಲಿಗೆ ಹೋಗಬೇಕು ಎಂದು ನೀವೇ ತೀರ್ಮಾನಿಸಿ."

ಒಳಗೆ 84 ಪುಟ್ಟ ಪುಟ್ಟ ಭಾಗಗಳು. ಪ್ರತಿಯೊಂದಕ್ಕೂ ಒಂದು ನಂಬರು. ಒಂದನೆಯದರಲ್ಲಿ ಬೆಳಗಾಗಿದೆ, ಮಳೆ ಹೊಯ್ಯುತ್ತಿದೆ, ಅಪ್ಪ ಅಮ್ಮ ತೋಟಕ್ಕೆ ಹೊರಟುಹೋಗಿದ್ದಾರೆ, ನೀವು ಶಾಲೆಗೆ ಹೊರಡಬೇಕು. ಕಾಫಿ ತೋಟದ ಒಳದಾರಿಯಲ್ಲಿ ಹೋಗುವುದಾದರೆ 17ಕ್ಕೆ ಹೋಗಿ. ಗದ್ದೆಯ ಬದುವಿನ ಮೇಲೆ ಹೋಗುವುದಾದರೆ 5ಕ್ಕೆ ಹೋಗಿ. ನಾನು 17ಕ್ಕೆ ಹೋದೆ. ಅಲ್ಲಿ ಹಸಿ ಲದ್ದಿ ಬಿದ್ದಿತ್ತು. ಒಂಟಿ ಸಲಗ ಹತ್ತಿರದಲ್ಲೇ ಇದೆ! ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುವುದಾದರೆ 30ಕ್ಕೆ, ಓಡುವುದಾದರೆ 52ಕ್ಕೆ. ನಾನು ಬಿ.ಎಸ್ಸಿ. ಓದಿದವನಾದ್ದರಿಂದ ಗಾಳಿ ನೋಡಿದೆ. ಬದುಕಿದೆ.

ಇಂಥ ಬರಹಕ್ಕೆ ಹೊರಗಿನ ಪ್ರಪಂಚದಲ್ಲಿ ಒಂದು ಹೆಸರಿದೆ, ಐವತ್ತು ವರ್ಷದ ಚರಿತ್ರೆಯೂ ಇದೆ ಎಂದು ನನಗೆ ತಿಳಿದದ್ದು ಆಮೇಲೆ. ಅದನ್ನು ಸ್ವಲ್ಪ ಹೇಳಿ ಮುಂದಕ್ಕೆ ಹೋಗುತ್ತೇನೆ.

ನಮ್ಮ ಕಡೆಯ ಮಕ್ಕಳಿಗೆ ತಾಳಮದ್ದಳೆ ಗೊತ್ತು. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರು ಕೂತು, ನಾನು ಕರ್ಣ, ನೀನು ಕೃಷ್ಣ ಎಂದು ಪಾತ್ರ ಹಂಚಿಕೊಂಡು, ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲೇ ಕಥೆ ಕಟ್ಟುತ್ತಾರೆ. ಕಥೆಯ ಹಗ್ಗ ಭಾಗವತರ ಕೈಯಲ್ಲಿರುತ್ತದೆ. ಇದಕ್ಕೆ ದಾಳ ಸೇರಿಸಿ, ಕಥೆಯ ಕೊನೆ ಏನಾದರೂ ಆಗಬಹುದು ಎಂಬ ಷರತ್ತು ಹಾಕಿದರೆ, ಪಾಶ್ಚಾತ್ಯರು ರೋಲ್‌ಪ್ಲೇಯಿಂಗ್ ಗೇಮ್ ಎಂದು ಕರೆಯುವ ಆಟ ಹೆಚ್ಚುಕಡಿಮೆ ಸಿದ್ಧವಾದಂತೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಹೆಸರಿನಲ್ಲಿ ಇದನ್ನು ಅಚ್ಚು ಹಾಕಿಸಿದರು. ನಾಲ್ಕೈದು ಜನ ಮೇಜಿನ ಸುತ್ತ ಕೂರಬೇಕು. ಒಬ್ಬ ಭಾಗವತನ ಸ್ಥಾನದಲ್ಲಿದ್ದು ಗವಿ, ಗುಡ್ಡ, ರಾಕ್ಷಸರನ್ನೆಲ್ಲ ವರ್ಣಿಸುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಆಯಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. (1980ರ ದಶಕದಲ್ಲಿ ಅಲ್ಲಿನ ಕೆಲವು ತಂದೆತಾಯಿಗಳು ಈ ಆಟದಿಂದ ಮಕ್ಕಳಿಗೆ ದೆವ್ವ ಹಿಡಿಯುತ್ತದೆಂದು ಗಲಾಟೆ ಎಬ್ಬಿಸಿದ್ದುಂಟು. ದಾಳ ಕಂಡು ಕೋಪಗೊಂಡವನು ನಾನೊಬ್ಬನೇ ಅಲ್ಲ ಎಂಬ ಸಮಾಧಾನಕ್ಕೆ ಇದನ್ನು ಹೇಳಿದೆ.)

ಜೊತೆಗೆ ಯಾರೂ ಇಲ್ಲದಿದ್ದರೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಒಬ್ಬ ರಿಕ್ ಲೂಮಿಸ್. ಒಂದೂರಿನಲ್ಲಿಲ್ಲದ ಜನರು ಅಂಚೆಯ ಮೂಲಕ ಆಡುವ ಆಟಗಳನ್ನು 1970ರ ಸುಮಾರಿನಿಂದಲೇ ನಡೆಸುತ್ತಿದ್ದವನು ಈತ. ಕೆನ್ ಸೇಂಟ್ ಆಂಡ್ರೆ ಎಂಬಾತ 1975ರಲ್ಲಿ ರಚಿಸಿದ 'ಟನೆಲ್ಸ್ ಅಂಡ್ ಟ್ರೋಲ್ಸ್' ಎಂಬ ಆಟಕ್ಕೆ ಲೂಮಿಸ್ 1976ರಲ್ಲಿ 'ಬಫೆಲೋ ಕ್ಯಾಸಲ್' ಎಂಬ ಪುಟ್ಟ ಪುಸ್ತಕ ಬರೆದ. ಅದರಲ್ಲಿ ಭಾಗವತನ ಕೆಲಸವನ್ನು ಪುಸ್ತಕವೇ ಮಾಡುತ್ತದೆ. ಎಡಗಡೆಯ ಬಾಗಿಲು ತೆರೆದರೆ ಇಂಥಲ್ಲಿಗೆ ಹೋಗಿ, ಬಲಗಡೆಯದಾದರೆ ಇಂಥಲ್ಲಿಗೆ ಎಂಬ ಕ್ರಮ. ಒಬ್ಬನೇ ಆಡಬಹುದಾದ ಸಾಹಸದ ಪುಸ್ತಕಗಳು ಶುರುವಾದದ್ದು ಹೀಗೆ. 1982ರಲ್ಲಿ ಇಂಗ್ಲೆಂಡಿನ ಸ್ಟೀವ್ ಜಾಕ್ಸನ್, ಇಯಾನ್ ಲಿವಿಂಗ್‌ಸ್ಟನ್ ಸೇರಿ ಬರೆದ 'ದಿ ವಾರ್‌ಲಾಕ್ ಆಫ್ ಫೈರ್‌ಟಾಪ್ ಮೌಂಟನ್' ಬಂದ ಮೇಲಂತೂ ಮಕ್ಕಳು ಮುಗಿಬಿದ್ದರು. ಅದರಲ್ಲಿ 400 ಭಾಗಗಳು. ಬೇರೆ ಯಾವ ಆಟದ ನಿಯಮದ ಪುಸ್ತಕವೂ ಬೇಕಿಲ್ಲ. ಅದೊಂದು, ಎರಡು ದಾಳ, ಒಂದು ಪೆನ್ಸಿಲ್ ಸಾಕು.

ದಾಳವಿಲ್ಲದ ಇನ್ನೊಂದು ಜಾತಿಯೂ ಇದೆ. ಎಡ್ವರ್ಡ್ ಪ್ಯಾಕರ್ಡ್ ಎಂಬ ವಕೀಲ ರಾತ್ರಿ ಹೆಣ್ಣುಮಕ್ಕಳಿಗೆ ಕಥೆ ಹೇಳುತ್ತ, ಮುಂದೇನು ಹೇಳುವುದೆಂದು ತೋಚದೆ, "ನೀವಾಗಿದ್ದರೆ ಏನು ಮಾಡ್ತಿದ್ರಿ?" ಎಂದು ಅವರನ್ನೇ ಕೇಳಿದ. ಮಕ್ಕಳು ಬೇರೆ ಬೇರೆ ಉತ್ತರ ಕೊಟ್ಟರು. ಅದರಿಂದಲೇ ಓದುಗನು ದಾರಿ ಆರಿಸುವ ಅವನ ಪುಸ್ತಕಗಳು ಹುಟ್ಟಿದವು. 1979ರ 'ದಿ ಕೇವ್ ಆಫ್ ಟೈಮ್' ಅವುಗಳಲ್ಲಿ ಪ್ರಸಿದ್ಧ. ಬಿ.ಎಡ್. ಮಾಡಿದವರಿಗೆ ಇಲ್ಲೊಂದು ಹಳೆಯ ಪರಿಚಯದ ಮುಖ ಕಾಣಬೇಕು. ನಾರ್ಮನ್ ಕ್ರೌಡರ್ ಎಂಬ ಶಿಕ್ಷಣತಜ್ಞ 1950ರ ದಶಕದ ಕೊನೆಯಲ್ಲೇ ಇಂಥ ಪಠ್ಯಪುಸ್ತಕ ಮಾಡಿದ್ದ: ಉತ್ತರ ಸರಿಯಾದರೆ ಈ ಪುಟಕ್ಕೆ ಹೋಗು, ತಪ್ಪಾದರೆ ಆ ಪುಟಕ್ಕೆ ಹೋಗಿ ನಿನ್ನ ತಪ್ಪು ಎಲ್ಲಿ ಎಂದು ತಿಳಿದುಕೊ. ನಾವು ಅದನ್ನು ಪರೀಕ್ಷೆಗೆ ಹತ್ತು ಅಂಕದ ಪ್ರಶ್ನೆಯೆಂದು ಉರುಹೊಡೆದು ಮರೆತೆವು.

ಒಂಟಿಯಾಗಿ ಆಡುವುದು ನಮಗೇನೂ ಹೊಸದಲ್ಲ. ನನ್ನ ಅಜ್ಜಿಯ ಬಳಿ ಹಲಸಿನ ಮರದ ಚೆನ್ನೆಮಣೆ ಇತ್ತು. ಸಾಲಿಗೆ 7ರಂತೆ 14 ಗುಳಿ. ಘಟ್ಟದ ಕೆಳಗೆ ಆಟಿ ತಿಂಗಳಲ್ಲಿ ಇಬ್ಬರು ಕೂತು ಆಡುತ್ತಾರೆ. ಅಕ್ಕ ತಂಗಿ ಮಾತ್ರ ಎದುರುಬದುರು ಕೂರಬಾರದು ಎನ್ನುತ್ತಾರೆ. ಸಿರಿ ಪಾಡ್ದನದಲ್ಲಿ ಅಬ್ಬಗ, ದಾರಗ ಎಂಬ ಅವಳಿಗಳು ಚೆನ್ನೆ ಆಡುತ್ತ ಜಗಳವಾಗಿ, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಂದಳಲ್ಲ. ಅಜ್ಜಿ ಮಾತ್ರ ಮಧ್ಯಾಹ್ನ ಒಬ್ಬರೇ ಕೂತು ಹುಣಸೆ ಬೀಜ ಸುತ್ತಿಸುತ್ತಿದ್ದರು. ಅದಕ್ಕೆ ಸೀತೆ ಆಟ ಎನ್ನುತ್ತಿದ್ದರು. ಅಶೋಕವನದಲ್ಲಿ ಸೀತೆ ಹೊತ್ತು ಕಳೆಯಲು ಹೀಗೆ ಒಂಟಿಯಾಗಿ ಆಡಿದಳಂತೆ. ನಾನು ಚಿಕ್ಕವನಿದ್ದಾಗ, "ಒಂದು ಬೀಜ ಆಚೆ ಹಾಕಿದ್ರೆ ಗೆಲ್ತೀರಲ್ಲ ಅಜ್ಜಿ" ಅಂದಿದ್ದೆ. "ಯಾರ್ನ ಗೆಲ್ಲೋದೋ?" ಅಂದರು.

ಇನ್ನು ಆ 'ವಾರ್‌ಲಾಕ್' ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿದ ಒಂದು ನಿಯಮವನ್ನು ಹೇಳಬೇಕು. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಓದಿ. ಆಟ ಶುರುವಾಗುವಾಗ ನಿಮಗೆ 'ಅದೃಷ್ಟ' ಎಂಬ ಒಂದು ಅಂಕಿ ಸಿಗುತ್ತದೆ: ಒಂದು ದಾಳ ಎಸೆದು ಬಿದ್ದ ಸಂಖ್ಯೆಗೆ 6 ಕೂಡಿಸಿ. ಅಪಾಯ ಬಂದಾಗ ಎರಡು ದಾಳ ಎಸೆಯಬೇಕು. ಮೊತ್ತವು ನಿಮ್ಮ ಅದೃಷ್ಟದಷ್ಟೇ ಇದ್ದರೆ ಅಥವಾ ಕಡಿಮೆ ಇದ್ದರೆ ಪಾರಾದಿರಿ. ಆದರೆ ಪಾರಾಗಲಿ ಬಿಡಲಿ, ಪ್ರತಿ ಸಲವೂ ಅದೃಷ್ಟದಿಂದ 1 ಕಳೆಯಬೇಕು. ಎರಡು ದಾಳಗಳು ಒಟ್ಟು 36 ರೀತಿಯಲ್ಲಿ ಬೀಳಬಲ್ಲವು. ಅದೃಷ್ಟ 9 ಇದ್ದರೆ ಅವುಗಳಲ್ಲಿ 30 ನಿಮ್ಮ ಪರ. 8ಕ್ಕೆ ಇಳಿದರೆ 26. 7ಕ್ಕೆ 21. 6ಕ್ಕೆ 15. ಮೊದಲ ಸಲ ನೂರಕ್ಕೆ 83ರಷ್ಟಿದ್ದ ಸಂಭವ ನಾಲ್ಕನೇ ಸಲಕ್ಕೆ ಅರ್ಧಕ್ಕಿಂತ ಕೆಳಗೆ! ನಾಲ್ಕೂ ಸಲ ಪಾರಾಗುವ ಸಂಭವ ಬೇಕಾದರೆ ನಾಲ್ಕು ಭಿನ್ನರಾಶಿಗಳನ್ನು ಗುಣಿಸಿ. ನೂರಕ್ಕೆ 15ರ ಆಸುಪಾಸು ಬರುತ್ತದೆ. ಸಂಭವನೀಯತೆಯ ಅಧ್ಯಾಯವನ್ನು ಚೀಲದಿಂದ ಕೆಂಪು ಚೆಂಡು, ನೀಲಿ ಚೆಂಡು ತೆಗೆಯುತ್ತ ವರ್ಷಗಟ್ಟಲೆ ಹೇಳಿಕೊಟ್ಟಿದ್ದೇವೆ. ಚೆಂಡು ಯಾವ ಬಣ್ಣದ್ದಾದರೆ ಮಕ್ಕಳಿಗೇನು?

ಈಗ ಹುಡುಗನ ನೋಟ್‌ಬುಕ್ಕಿಗೆ ಬರೋಣ. ಅವನ ಆಟದಲ್ಲಿ ಅದೃಷ್ಟ, ಶಕ್ತಿ, ಕೌಶಲ ಇರಲಿಲ್ಲ. ಆಡುವವನಿಗೆ ಮೂರು ಅಂಕಿಗಳಿದ್ದವು: ಧೈರ್ಯ, ಬುತ್ತಿ, ಹಾಜರಿ. ಹಾಜರಿ 20ರಿಂದ ಶುರುವಾಗುತ್ತದೆ. ಮನೆಗೆ ಹಿಂದಿರುಗಿದಾಗಲೆಲ್ಲ 1 ಕಡಿಮೆ. 5ಕ್ಕೆ ಇಳಿದರೆ 79ಕ್ಕೆ ಹೋಗಬೇಕು. 79ರಲ್ಲಿ ಏನಿದೆ ಎಂದು ಆಗಲೇ ನೋಡಲಿಲ್ಲ. ಆಟ ಆಡುವವನು ಆಟದ ನಿಯಮ ಪಾಲಿಸಬೇಕಲ್ಲ.

ಸಲಗದಿಂದ ಪಾರಾದ ನಾನು, ಉಂಬಳ ಕಚ್ಚಿಸಿಕೊಂಡು ಒಂದು ಧೈರ್ಯ ಕಳೆದುಕೊಂಡು, 44ಕ್ಕೆ ಬಂದೆ. ಮುಂದೆ ಹಳ್ಳ. ಅದಕ್ಕೆ ಕಾಲುಸಂಕ. ಬಯಲುಸೀಮೆಯ ಓದುಗರಿಗೆ ಹೇಳಬೇಕು: ಎರಡು ಅಡಕೆ ಮರದ ಕಾಂಡ ಜೋಡಿಸಿ, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು ಕಟ್ಟಿದರೆ ಅದೇ ಸಂಕ. ಬೇಸಿಗೆಯಲ್ಲಿ ಅದರ ಕೆಳಗೆ ಮಕ್ಕಳು ಏಡಿ ಹಿಡಿಯುತ್ತಾರೆ. ಮಳೆಗಾಲದಲ್ಲಿ ನೀರು ಅದನ್ನು ಮುಟ್ಟಿಕೊಂಡು ಹರಿಯುತ್ತದೆ, ಮೇಲೆ ಪಾಚಿ ಕಟ್ಟುತ್ತದೆ. "ಸಂಕ ದಾಟುವುದಾದರೆ 63ಕ್ಕೆ ಹೋಗಿ. ಮನೆಗೆ ಹಿಂದಿರುಗುವುದಾದರೆ ಹಾಜರಿಯಲ್ಲಿ 1 ಕಳೆದು 12ಕ್ಕೆ ಹೋಗಿ" ಎಂದಿತ್ತು.

ಯಾವ ಮೇಷ್ಟರು ಹಿಂದಿರುಗುತ್ತಾನೆ? 63ಕ್ಕೆ ಹೋದೆ. ಹನಿ ಮಳೆಯಾಗಿದ್ದರೆ ಎರಡು ದಾಳ ಎಸೆಯಿರಿ, ಎರಡರಲ್ಲೂ 1 ಬಿದ್ದರೆ ಮಾತ್ರ ಜಾರುತ್ತೀರಿ. ಜಡಿಮಳೆಯಾಗಿದ್ದರೆ ಮೊತ್ತ 4 ಅಥವಾ ಅದಕ್ಕಿಂತ ಕಡಿಮೆ ಬಂದರೆ ಜಾರುತ್ತೀರಿ. ನನ್ನ ಆಟದಲ್ಲಿ ಜಡಿಮಳೆ. ಎಸೆದೆ. 1, 2 ಬಿತ್ತು. "70ಕ್ಕೆ ಹೋಗಿ." 70ರಲ್ಲಿ ಎರಡೇ ಸಾಲು: "ನೀವು ಹೋದಿರಿ. ಹಿಂದಿನ ನಂಬರಿನಲ್ಲಿ ಬೆರಳು ಇಟ್ಟುಕೊಂಡಿದ್ದರೆ ತೆಗೆಯಿರಿ, ಸಂಕದಲ್ಲಿ ಹಾಗೆ ಮಾಡಲು ಆಗುವುದಿಲ್ಲ."

ನನ್ನ ಎಡಗೈಯ ತೋರುಬೆರಳು 44ರಲ್ಲಿತ್ತು.

ಇಂಥ ಪುಸ್ತಕ ಓದುವವರೆಲ್ಲ ಹಾಗೆ ಬೆರಳಿಟ್ಟುಕೊಳ್ಳುತ್ತಾರಂತೆ. ಸೋತರೆ ಹಿಂದಕ್ಕೆ ಬಂದು ಬೇರೆ ದಾರಿ ಹಿಡಿಯಬಹುದಲ್ಲ. ಯಾರೂ ನೋಡುವವರಿಲ್ಲ. ಇದನ್ನು ತಡೆಯಲೆಂದೇ ಜಾಕ್ಸನ್, ಲಿವಿಂಗ್‌ಸ್ಟನ್ ಒಂದು ಉಪಾಯ ಹೂಡಿದ್ದರು. ದಾರಿಯಲ್ಲಿ ಸಿಗುವ ಬೀಗದ ಕೈಗಳ ಮೇಲೆ ಅಂಕಿಗಳಿರುತ್ತವೆ, ಕೊನೆಯ ಪೆಟ್ಟಿಗೆ ತೆರೆಯಲು ಅವನ್ನು ಕೂಡಿಸಿದಾಗ ಬರುವ ನಂಬರಿಗೇ ಹೋಗಬೇಕು. ಕೈ ಸಿಗದವನು ಎಷ್ಟು ಬೆರಳಿಟ್ಟರೂ ಪ್ರಯೋಜನವಿಲ್ಲ. ನಮ್ಮ ಹುಡುಗ ಉಪಾಯ ಗೀಪಾಯ ಏನೂ ಮಾಡಿರಲಿಲ್ಲ. ನೇರವಾಗಿ ಹೇಳಿಬಿಟ್ಟಿದ್ದ.

ಆಮೇಲೆ ನಿಯಮ ಬಿಟ್ಟು ಇಡೀ ಪುಸ್ತಕ ತಿರುವಿದೆ. ಶಾಲೆಗೆ ಹೋಗುವ ದಾರಿಗಳು ಏಳೆಂಟು. ಎಲ್ಲವೂ ಕೊನೆಗೆ 44ಕ್ಕೇ ಬಂದು ಸೇರುತ್ತಿದ್ದವು. ಹಿಂದಿರುಗುತ್ತ ಹೋದರೆ ಹಾಜರಿ ಇಳಿದು 79. ಅಲ್ಲಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಒಬ್ಬ ಮೇಷ್ಟರು ಇದ್ದರು. ಅವರ ಜೊತೆ ಹೋರಾಡಲು ದಾಳವೇ ಇಲ್ಲ. "ಇವರು ಯಾಕೆ ಬರಲಿಲ್ಲ ಎಂದು ಕೇಳುವುದಿಲ್ಲ. ಆಟ ಮುಗಿಯಿತು" ಎಂದು ಬರೆದಿದ್ದ.

ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ.

ಆ ರಾತ್ರಿ ಇನ್ನೊಂದು ಕೆಲಸ ಮಾಡಿದೆ. ಅವನ ನಿಯಮಗಳ ಲೆಕ್ಕ ಹಾಕಿದೆ. ಜಡಿಮಳೆಯಲ್ಲಿ ಮೊತ್ತ 4 ಅಥವಾ ಕಡಿಮೆ ಬರುವ ಬಗೆಗಳು 36ರಲ್ಲಿ 6, ಅಂದರೆ ಆರರಲ್ಲಿ ಒಂದು. ಹೋಗಿ ಬರುವುದು ದಿನಕ್ಕೆ ಎರಡು ಸಲ; ಎರಡು ದಿನಕ್ಕೆ ನಾಲ್ಕು ಸಲ. ನಾಲ್ಕು ಸಲವೂ ಜಾರದೆ ದಾಟುವ ಸಂಭವ ನೂರಕ್ಕೆ 48. ಎರಡು ದಿನದ ಜಡಿಮಳೆಗೆ ಅವನ ಕಥಾನಾಯಕ ಉಳಿಯುವುದಕ್ಕಿಂತ ಹೋಗುವ ಸಂಭವವೇ ಹೆಚ್ಚು. ಹನಿ ಮಳೆಯಲ್ಲಾದರೆ 36ರಲ್ಲಿ ಒಂದೇ ಒಂದು ಬಗೆ ಅಪಾಯದ್ದು. ಅಷ್ಟೇತಾನೆ ಅನ್ನಿಸುತ್ತದೆ. ಆದರೆ 25 ಸಲ ದಾಟುವ ಹೊತ್ತಿಗೆ ಅಲ್ಲೂ ತಕ್ಕಡಿ ಆಚೆಗೆ ವಾಲುತ್ತದೆ. 60 ಸಲ, ಎಂದರೆ 30 ದಿನ ಹೋಗಿ ಬಂದರೆ, ಒಮ್ಮೆಯೂ ಜಾರದೆ ಉಳಿಯುವ ಸಂಭವ ನೂರಕ್ಕೆ 18.

ಗಣಿತ ಓದಿದವರು ಇಲ್ಲಿ ಬೆಚ್ಚುತ್ತಾರೆ. ಏಕೆಂದರೆ ಇವೆರಡೂ ಲೆಕ್ಕಗಳಿಂದಲೇ ಸಂಭವನೀಯತೆಯ ಶಾಸ್ತ್ರ ಹುಟ್ಟಿತೆನ್ನಬಹುದು. ಫ್ರಾನ್ಸಿನ ಷೆವಲಿಯೆ ದ ಮೆರೆ ಎಂಬ ಶ್ರೀಮಂತನಿಗೆ ದಾಳದ ಹುಚ್ಚು. ಒಂದು ದಾಳವನ್ನು ನಾಲ್ಕು ಸಲ ಎಸೆದರೆ ಒಂದಾದರೂ 6 ಬೀಳುವುದರ ಮೇಲೆ ಪಂಥ ಕಟ್ಟುವುದು ಲಾಭ. ಹಾಗಾದರೆ ಎರಡು ದಾಳವನ್ನು 24 ಸಲ ಎಸೆದರೆ ಜೋಡಿ 6ರ ಮೇಲೆ ಕಟ್ಟುವುದೂ ಲಾಭವಾಗಬೇಕಲ್ಲ, ಆಗುವುದಿಲ್ಲವೇಕೆ ಎಂದು ಅವನು ಪಾಸ್ಕಲ್‌ನ ಮುಂದೆ ದೂರಿಟ್ಟ. ಪಾಸ್ಕಲ್ ಅದನ್ನು ಫರ್ಮಾಗೆ ಬರೆದ, 1654ರಲ್ಲಿ, ಅದೂ ಜುಲೈ ತಿಂಗಳಲ್ಲೇ. 24 ಸಲಕ್ಕೆ ಅರ್ಧಕ್ಕಿಂತ ಒಂದು ಕೂದಲೆಳೆ ಕಡಿಮೆ. 25 ಸಲಕ್ಕೆ ಕೂದಲೆಳೆ ಹೆಚ್ಚು. ನಮ್ಮ ಹುಡುಗನಿಗೆ ಪಾಸ್ಕಲ್ ಎಂದರೆ ಒತ್ತಡದ ಮಾನ ಎಂದಷ್ಟೇ ಗೊತ್ತಿತ್ತು. ಅದೂ ನಾನು ಹೇಳಿಕೊಟ್ಟದ್ದು.

ನಿಜವಾದ ಸಂಕ ದಾಳವಲ್ಲ, ಅದು ನನಗೂ ಗೊತ್ತು. ಮಲೆನಾಡಿನ ಮಕ್ಕಳ ಹೆಜ್ಜೆ ಗಟ್ಟಿ. ಅವರು ಆರರಲ್ಲಿ ಒಂದು ಸಲ ಜಾರುವುದಿಲ್ಲ. 36 ಎಂಬ ಅಂಕಿ ದಾಳದ ಅಂಕಿ, ಹಳ್ಳದ್ದಲ್ಲ. ಆದರೂ ಪ್ರತಿದಿನ ಒಂದಿಷ್ಟೇ ಇಷ್ಟು ಎಂದು ಕಾಣುವ ಅಪಾಯ ದಿನದಿನಕ್ಕೆ ಹೇಗೆ ಕೂಡುತ್ತ ಹೋಗುತ್ತದೆ ಎಂಬುದನ್ನು ಆ ಹುಡುಗ ಹಳ್ಳದ ದಂಡೆಯಲ್ಲಿ ನಿಂತು ತಿಳಿದುಕೊಂಡಿದ್ದ. ನಾವು ದೊಡ್ಡವರು "ನಿನ್ನೆ ದಾಟಿದ್ದೆಯಲ್ಲ, ಇವತ್ತೇನು?" ಎನ್ನುತ್ತೇವೆ. ಪ್ರತಿ ಮಳೆಗಾಲ ಪತ್ರಿಕೆಯಲ್ಲಿ ಎಲ್ಲೋ ಒಂದು ಕಡೆಯ ಹಳ್ಳದ ಸುದ್ದಿ ಓದಿ ಲೊಚಗುಟ್ಟುತ್ತೇವೆ.

ಮಾರನೆಯ ದಿನ ಆತ ಬರಲಿಲ್ಲ. ಅದರ ಮಾರನೆಯ ದಿನ ಮಳೆಗೆ ರಜೆ ಘೋಷಿಸಿದರು. ನಾನು ಕೊಡೆ ಹಿಡಿದು ಹೊರಟೆ. ಜೀಪು ಹೋಗುವಷ್ಟು ದೂರ ಜೀಪಿನಲ್ಲಿ ಹೋಗಿ, ಅಲ್ಲಿಂದ ನಡೆದು 44ಕ್ಕೆ ಬಂದೆ. ಕ್ಷಮಿಸಿ, ಸಂಕದ ಬುಡಕ್ಕೆ ಬಂದೆ. ಕೆಮ್ಮಣ್ಣಿನ ನೀರು ಭೋರಿಡುತ್ತಿತ್ತು. ಆಚೆ ದಡದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಹುಡುಗನ ತಂದೆ ನಿಂತಿದ್ದರು. ತೋಟದ ರೈಟರು ಅವರು. ಕೈ ಬೀಸಿ, "ಬರ್ಬೇಡಿ ಮೇಷ್ಟ್ರೇ, ವಾಪಸ್ ಹೋಗಿ" ಎಂದು ಕೂಗಿದರು. ನನ್ನ ಹಾಜರಿಯಲ್ಲಿ ಒಂದು ಕಳೆದುಕೊಂಡು ಹಿಂದಿರುಗಿದೆ.

ನಾಲ್ಕು ದಿನದ ನಂತರ ಮಳೆ ಬಿಡುವು ಕೊಟ್ಟಾಗ ಅವರ ಮನೆ ತಲುಪಿದೆ. ತಾಯಿ ಬೆಲ್ಲದ ಕಾಫಿ ಕೊಟ್ಟರು. ಹುಡುಗನ ಅಕ್ಕ ಹಾಸ್ಟೆಲ್ ಸೇರಿದ ಮೇಲೆ ಅವನಿಗೆ ಹಗಲಿಡೀ ಒಂಟಿತನ. ತೋಟದ ಬಂಗಲೆಯ ಮಕ್ಕಳು ಬಿಟ್ಟುಹೋದ ಹಳೆಯ ಪುಸ್ತಕಗಳ ರಟ್ಟಿನ ಪೆಟ್ಟಿಗೆಯಲ್ಲಿ ಅವನಿಗೆ 'ವಾರ್‌ಲಾಕ್' ಸಿಕ್ಕಿತ್ತು. ಹಿಂದಿನ ಹತ್ತಿಪ್ಪತ್ತು ಪುಟಗಳನ್ನು ಗೆದ್ದಲು ತಿಂದಿದ್ದವು. ಡಿಕ್ಷನರಿ ಇಟ್ಟುಕೊಂಡು ಒಂದು ಮಳೆಗಾಲ ಅದನ್ನು ಓದಿದ್ದ. ಯಾವ ದಾರಿ ಹಿಡಿದರೂ ಗೆದ್ದಲು ತಿಂದ ನಂಬರಿಗೆ ಬಂದು ನಿಲ್ಲುತ್ತಿದ್ದುದರಿಂದ, ತಾನೇ ಒಂದು ಬರೆಯುವುದು ವಾಸಿ ಎಂದುಕೊಂಡನಂತೆ. ದಾಳಗಳನ್ನು ಅವನ ಕೈಗಿಟ್ಟು, "ತಪ್ಪಾಯ್ತು ಕಣೋ" ಎಂದೆ. ಅವನಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. "ಸಾರ್, ನೀವು ಎಷ್ಟನೇ ನಂಬರಲ್ಲಿ ಸತ್ರಿ?" ಎಂದು ಕೇಳಿದ.

ಶಾಲೆಯಲ್ಲಿ ಮಾತನಾಡಿ, ಹಳ್ಳದಾಚೆಯ ಐದು ಮಕ್ಕಳಿಗೆ ಜಡಿಮಳೆಯ ದಿನಗಳಲ್ಲಿ ಮನೆಯಲ್ಲೇ ಮಾಡುವ ಪಾಠದ ಹಾಳೆಗಳನ್ನು ಮೊದಲೇ ಕೊಟ್ಟು ಕಳಿಸುವ ಏರ್ಪಾಟಾಯಿತು. ಆ ಹಾಳೆಗಳನ್ನು ನಾನು ಅವನಿಂದ ಕಲಿತ ರೀತಿಯಲ್ಲೇ ಬರೆದೆ: ಉತ್ತರ ಇದಾದರೆ 4ಕ್ಕೆ ಹೋಗಿ, ಅದಾದರೆ 9ಕ್ಕೆ. ಕ್ರೌಡರ್ ಮಹಾಶಯ ನಮ್ಮ ಕಾಫಿ ತೋಟಗಳವರೆಗೆ ಬಂದಂತಾಯಿತು. ಹೆಚ್ಚೇನೂ ಅಲ್ಲ, ಕೆಂಪು ಶಾಯಿ ಹಾಕುವ ಮೊದಲು ಯಾಕೆ ಬರಲಿಲ್ಲವೆಂದು ಕೇಳುವ ಅಭ್ಯಾಸ ನನಗಾಯಿತು.

ಆ ವರ್ಷ ಗಣೇಶನ ಹಬ್ಬದ ನಂತರ ಇಡೀ ತರಗತಿ ಇಂಥ ಪುಸ್ತಕ ಬರೆಯಲು ಕೂತಿತು. ಮಾಡಿ ನೋಡುವವರಿಗೆ ನಮಗಾದ ಕಷ್ಟ ಹೇಳಿಬಿಡುತ್ತೇನೆ. ಮೊದಲ ದಿನ ಎಲ್ಲರೂ ಪ್ರತಿ ಭಾಗದ ಕೊನೆಗೂ ಎರಡೆರಡು ದಾರಿ ಕೊಟ್ಟರು. ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು. ಹತ್ತು ಸಲ ಕವಲೊಡೆದರೆ 1024 ಕೊನೆಗಳು! ನೂರು ಪುಟದ ನೋಟ್‌ಬುಕ್ಕು ಎಲ್ಲಿ ಸಾಲುತ್ತದೆ? ಹೊಳೆಗಳು ಕೂಡುವಂತೆ ದಾರಿಗಳನ್ನು ನಡುನಡುವೆ ಕೂಡಿಸಲೇಬೇಕು. ಮೊದಲು ದೊಡ್ಡ ಹಾಳೆಯ ಮೇಲೆ ನಕ್ಷೆ ಬರೆದು, ಎಲ್ಲ ಮುಗಿದ ಮೇಲೆ ನಂಬರುಗಳನ್ನು ಕಲಸಿ ಹಂಚಬೇಕು, ಇಲ್ಲದಿದ್ದರೆ ಮುಂದಿನದು ಕಣ್ಣಿಗೆ ಬೀಳುತ್ತದೆ. ಇನ್ನೊಂದು ಮಾತು: ಸುಮ್ಮನೆ ಎಡ ಬಲ ಎಂದು ಕೇಳಬೇಡಿ. ಲದ್ದಿ ಹಸಿಯೋ ಒಣಗಿದೆಯೋ, ಗಾಳಿ ಎತ್ತಲಿಂದ ಎಂದು ಸುಳಿವು ಕೊಟ್ಟು ಕೇಳಿ. ಯೋಚಿಸಿದವನಿಗೆ ಏನಾದರೂ ಸಿಗಬೇಕು. ಒಬ್ಬ ಹುಡುಗಿ ಬಿಳಿ ಕಾಂಡಕೊರಕದ ಮರಿಹುಳುವನ್ನೇ ನಾಯಕನನ್ನಾಗಿ ಮಾಡಿ ಅರೇಬಿಕಾ ಗಿಡದೊಳಗೆ ಸುರಂಗ ಕೊರೆಸಿದ್ದಳು. ಅದನ್ನು ಓದಿದ ಬೆಳೆಗಾರರೊಬ್ಬರಿಗೆ ನಗು ಬರಲಿಲ್ಲ.

ಬರೆದಿಟ್ಟ ಪುಸ್ತಕವೂ ಇಲ್ಲದೆ ಒಬ್ಬರೇ ಆಡುವ ಪದ್ಧತಿಯೂ ಈಗ ಬೆಳೆದಿದೆ. 2003ರಲ್ಲಿ ಬಂದ 'ಮಿಥಿಕ್', 2018ರಲ್ಲಿ ಬಂದ 'ಐರನ್‌ಸ್ವೋರ್ನ್' ಇಂಥವು. ನೀವೇ ಕಥೆ ನಡೆಸುತ್ತೀರಿ; ಸಂದೇಹ ಬಂದಲ್ಲಿ, "ಬಾಗಿಲ ಹಿಂದೆ ಯಾರಾದರೂ ಇದ್ದಾರೆಯೇ?" ಎಂದು ಕೇಳಿ ದಾಳ ಎಸೆದರೆ, ಹೌದು ಅಥವಾ ಇಲ್ಲ ಎಂಬ ಉತ್ತರ ಬರುತ್ತದೆ. ದೇವರ ಮುಂದೆ ನಿಂತು ಬಲಗಡೆ ಹೂ ಬೀಳುತ್ತದೋ ಎಡಗಡೆಯೋ ಎಂದು ಪ್ರಸಾದ ಕೇಳುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಮಕ್ಕಳಿಗೆ ಅದಕ್ಕಿಂತ ನಂಬರಿನ ಪುಸ್ತಕವೇ ಸರಿ ಎಂಬುದು ನನ್ನ ಅಭಿಪ್ರಾಯ. ಬರೆಯುವಾಗ ಇನ್ನೊಬ್ಬರು ಏನು ಮಾಡಬಹುದು ಎಂದು ಯೋಚಿಸಲೇಬೇಕಾಗುತ್ತದೆ. ತಂದೆತಾಯಿಗಳು ಆ ನೋಟ್‌ಬುಕ್ಕನ್ನು ಒಮ್ಮೆ ದಾಳ ಹಿಡಿದು ಆಡಿ. ನಿಮ್ಮ ಮಗ ಯಾವುದಕ್ಕೆ ಹೆದರುತ್ತಾನೆ ಎಂದು ಕೇಳಿದರೆ ಅವನು ಹೇಳುವುದಿಲ್ಲ, ಅದರಲ್ಲಿ ಬರೆದಿರುತ್ತಾನೆ.

ಸೇತುವೆಯ ವಿಷಯ. ಮಲೆನಾಡು, ಕರಾವಳಿಯ ಶಾಲಾ ಮಕ್ಕಳ ದಾರಿಗೆ ಕಿರುಸೇತುವೆ ಕಟ್ಟಿಸಲೆಂದು ಸರ್ಕಾರ 'ಶಾಲಾ ಸಂಪರ್ಕ ಸೇತು' ಎಂಬ ಯೋಜನೆಯನ್ನೇ ತಂದಿತ್ತು. ಹಲವು ಕಡೆ ಸೇತುವೆಗಳಾದವು. ಈ ಹಳ್ಳಕ್ಕೆ ಅರ್ಜಿ ಕೊಟ್ಟೆವು. ಎರಡು ಸಲ ಬಂದು ಟೇಪು ಹಿಡಿದು ಅಳೆದುಕೊಂಡು ಹೋದರು. ಊರವರು ಈಗ ಅಡಕೆ ಕಾಂಡದ ಬದಲು ಕಬ್ಬಿಣದ ಪೈಪು ಜೋಡಿಸಿ, ಎರಡೂ ಬದಿಗೆ ತಂತಿ ಕಟ್ಟಿದ್ದಾರೆ. ಹುಡುಗ ಚಿಕ್ಕಮಗಳೂರಿನಲ್ಲಿ ಪಿಯುಸಿ ಓದುತ್ತಿದ್ದಾನೆ. ಹಳ್ಳದಾಚೆಯಿಂದ ಈ ವರ್ಷ ನಾಲ್ವರು ಮಕ್ಕಳು ನಮ್ಮ ಶಾಲೆಗೆ ಬರುತ್ತಾರೆ.

ಅವನ ನೋಟ್‌ಬುಕ್ಕಿನಲ್ಲಿ ಒಂದು ವಿಚಿತ್ರವಿತ್ತು. 41ನೇ ನಂಬರಿಗೆ ಯಾವ ನಂಬರಿನಿಂದಲೂ ದಾರಿ ಇರಲಿಲ್ಲ. ಪ್ಯಾಕರ್ಡ್ 1982ರಲ್ಲಿ ಬರೆದ 'ಇನ್‌ಸೈಡ್ ಯು.ಎಫ್.ಒ. 54-40' ಎಂಬ ಪುಸ್ತಕದಲ್ಲೂ ಇಂಥದೊಂದಿದೆ. ಅಲ್ಟಿಮಾ ಎಂಬ ಸುಖದ ಲೋಕಕ್ಕೆ ಯಾವ ಆಯ್ಕೆಯಿಂದಲೂ ಹೋಗಲಾಗದು, ನಿಯಮ ಮುರಿದು ಪುಟ ತಿರುವಿದವನಿಗೆ ಮಾತ್ರ ಅದು ಸಿಗುತ್ತದೆ. ಹುಡುಗ ಆ ಪುಸ್ತಕವನ್ನು ನೋಡಿದವನಲ್ಲ. ಅವನ 41ರಲ್ಲಿ ಹೀಗಿತ್ತು: "ಸಿಮೆಂಟಿನ ಸೇತುವೆ. ಎರಡೂ ಕಡೆ ಕಂಬಿ ಇದೆ. ದಾಳ ಎಸೆಯಬೇಕಾಗಿಲ್ಲ. ನಡೆದುಕೊಂಡು ಹೋಗಿ."

ಅವರ ಮನೆಯ ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತ ಅವನನ್ನು ಕೇಳಿದ್ದೆ, "ಇಲ್ಲಿಗೆ ಎಷ್ಟನೇ ನಂಬರಿನಿಂದ ಬರಬೇಕೋ?"

"ಅದು ಇನ್ನೂ ಬರೆದಿಲ್ಲ ಸಾರ್" ಅಂದ.